ಕಾವಲಯ್ಯ ನಿಂತಿದ್ದ ಜಾಗ

ನನ್ನ ತಂಗಿ ಜಯ ಮಾಡದ ತಪ್ಪನ್ನು ಅವಳೇ ಮಾಡಿದಳೆಂದು ಮನೆಯವರೆಲ್ಲ ಹೇಳುತ್ತಿದ್ದಾಗ, ಅಲ್ಲ ಅನ್ನಬೇಕಾದವನು ನಾನೊಬ್ಬನೇ ಇದ್ದೆ. ಅನ್ನಲಿಲ್ಲ. ಆಗ ನನಗೆ ಹನ್ನೊಂದು ವರ್ಷ, ಅವಳಿಗೆ ಒಂಬತ್ತು. ಹುಡುಗಬುದ್ಧಿ ಎಂದು ತಳ್ಳಿಹಾಕಬಹುದಿತ್ತು. ಆದರೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದು ನಮ್ಮ ಜಗುಲಿಯಲ್ಲಿ ಕೂತಾಗ ನನಗೆ ಇಪ್ಪತ್ತೊಂದು. ಅಪ್ಪ ತೀರಿಕೊಂಡಾಗ ನಲವತ್ತು ದಾಟಿತ್ತು. ಆಗಲೂ ಹೇಳಲಿಲ್ಲ. ಈಗ ಮಂಡಿ ಮಡಚಲು ಬರುವುದಿಲ್ಲ, ಒಂದು ಕಣ್ಣಿಗೆ ಪೊರೆ ಬಂದಿದೆ, ನಾಲ್ಕು ಸಾಲು ಬರೆದರೆ ಕೈ ಸೋಲುತ್ತದೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಬರೆಯುವುದು ರೂಢಿಯೂ ಇಲ್ಲ. ಆದರೂ ಈ ಒಂದು ಸಂಗತಿಯನ್ನು ಇನ್ನೊಬ್ಬರ ಕೈಲಿ ಬರೆಸುವಂತಿಲ್ಲ.

ನಮ್ಮದು ಕೂಟಗಲ್ ಕಡೆಯ ಊರು. ಮನೆ ದೊಡ್ಡದೇನಲ್ಲ. ಮುಂದೆ ಜಗುಲಿ, ಒಳಗೆ ನಡುಮನೆ, ಅದರ ಪಕ್ಕ ಹೊಗೆ ಹಿಡಿದ ಅಡಿಗೆಕೋಣೆ, ಹಿಂದೆ ಕೊಟ್ಟಿಗೆ. ನಡುಮನೆ ಹೆಸರಿಗೆ ನಮ್ಮದು, ಇದ್ದದ್ದು ರೇಷ್ಮೆಹುಳುಗಳಿಗೆ. ಬಿದಿರಿನ ತಟ್ಟೆಗಳನ್ನು ಸೂರಿನವರೆಗೆ ಒಂದರ ಮೇಲೊಂದು ಜೋಡಿಸಿ, ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಟ್ಟರೆ, ನಾವು ಮಲಗಲು ಉಳಿಯುತ್ತಿದ್ದದ್ದು ಗೋಡೆಯ ಪಕ್ಕದ ಒಂದು ಚಾಪೆ ಅಗಲದ ಜಾಗ. ಹುಳ ಮನೆಯಲ್ಲಿದ್ದಷ್ಟು ದಿನ ಅವ್ವ ಒಗ್ಗರಣೆ ಹಾಕುತ್ತಿರಲಿಲ್ಲ. ಸಾಸಿವೆ ಸಿಡಿದ ಘಾಟು ಹುಳಕ್ಕೆ ಆಗದು. ಬೀಡಿ ಸೇದುವವರಿಗೆ ಜಗುಲಿಯೇ ಕೊನೆ. ನೆಂಟರು ಬಂದರೂ ಅಜ್ಜಿ ಹೊಸಿಲಿನ ಒಳಗಿನಿಂದಲೇ ಮಾತಾಡಿಸಿ, ಒಂದು ಚೊಂಬು ನೀರು ಕೊಟ್ಟು, ಹುಳ ಹಣ್ಣಾಗಿ ಗೂಡು ಕಟ್ಟಿದ ಮೇಲೆ ಬನ್ನಿ ಎಂದು ಸಾಗಹಾಕುತ್ತಿದ್ದಳು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವರ ಮನೆಯಲ್ಲೂ ಹುಳ ಇರುತ್ತಿತ್ತು. ಕೊನೆಯ ವಾರ ಸೊಪ್ಪು ಹಾಕಿ ಹಾಕಿ ಬೆನ್ನು ಬಿದ್ದುಹೋಗುತ್ತಿತ್ತು. ಮುದ್ದೆಯನ್ನು ನಿಂತುಕೊಂಡೇ ನುಂಗಿ ಮತ್ತೆ ತೋಟಕ್ಕೆ ಓಡುತ್ತಿದ್ದೆವು.

ಆ ನಡುಮನೆಯ ಗೋಡೆಯ ಮೇಲೆ ಒಂದು ಚಿತ್ರವಿತ್ತು. ನಮ್ಮ ತಾತ ಐಬಿಯಲ್ಲಿ, ಅಂದರೆ ಸಾಹೇಬರು ಇಳಿದುಕೊಳ್ಳುವ ಸರ್ಕಾರಿ ಬಂಗಲೆಯಲ್ಲಿ, ಅಡಿಗೆ ಮಾಡುತ್ತಿದ್ದವನು. ಅಲ್ಲಿ ಬಹಳ ದಿನ ಉಳಿದಿದ್ದ ಒಬ್ಬ ಬಿಳಿಯ ದೊರೆ ಊರು ಬಿಡುವಾಗ ಸಾಮಾನೆಲ್ಲ ಗಾಡಿಗೆ ಹೇರಿ, ಜಾಗವಿಲ್ಲದೆ ಉಳಿದ ಇದನ್ನು ತಾತನ ಕೈಗೆ ಕೊಟ್ಟನಂತೆ. ಕಪ್ಪು ಮರದ ಚೌಕಟ್ಟು, ಒಳಗೆ ನೀರುಬಣ್ಣದಲ್ಲಿ ಬರೆದ ಮರಳುಗಾಡು. ಮುಕ್ಕಾಲು ಭಾಗ ಆಕಾಶ, ಕೆಳಗೆ ಗೋಧಿ ಹಿಟ್ಟಿನ ಬಣ್ಣದ ಮರಳು, ದೂರದಲ್ಲಿ ನೀಲಿ ಗುಡ್ಡಗಳ ಸಾಲು. ಎಡಗಡೆ ಮೂರು ಒಂಟೆ. ಎರಡು ಮಲಗಿವೆ, ಒಂದು ನಿಂತಿದೆ. ಅವುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತ ಇಬ್ಬರು. ಬಲಗಡೆ, ಅವರಿಂದ ದೂರದಲ್ಲಿ ಒಂಟಿಯಾಗಿ, ಉದ್ದ ನಿಲುವಂಗಿ ತೊಟ್ಟು ಕೋಲು ಹಿಡಿದು ನಿಂತ ಒಬ್ಬ ಮನುಷ್ಯ. ಮೂಲೆಯಲ್ಲಿ ಕಂದು ಶಾಯಿಯ ಬರವಣಿಗೆ, ನಮ್ಮಲ್ಲಿ ಯಾರಿಗೂ ಓದಲು ಬಾರದ್ದು.

ಓದು ಬಾರದಿದ್ದರೇನು, ಆ ಚಿತ್ರಕ್ಕೆ ನಮ್ಮ ಮನೆಯಲ್ಲಿ ಅರ್ಥಕ್ಕೆ ಬರವಿರಲಿಲ್ಲ. ಅದು ಕಾಶಿಗೆ ಹೋಗುವ ದಾರಿ ಎಂದು ಅಪ್ಪ. ಕಾಶಿ ದಾರಿಯಲ್ಲಿ ಮರಳಿಲ್ಲ, ಗಂಗೆ ಇದೆ ಎಂದು ಅವ್ವ. ಒಂಟೆಯನ್ನು ಜೀವಮಾನದಲ್ಲಿ ನೋಡದ ಅಜ್ಜಿಗೆ ಅದರ ಡುಬ್ಬವೇ ದೊಡ್ಡ ಚಿಂತೆ.

"ಪಾಪದ್ದು, ಬೆನ್ನ ಮ್ಯಾಲೆ ಬಸುರಾಗೈತೆ ಕಣ್ರಲಾ. ಹೆಂಗೆ ಹೆರ್ತದೋ ಏನೋ."

ನಾವು ನಗುತ್ತಿದ್ದೆವು. ಆದರೆ ಕೋಲು ಹಿಡಿದವನ ವಿಷಯದಲ್ಲಿ ಅಜ್ಜಿಯ ಮುಂದೆ ನಗುವಂತಿರಲಿಲ್ಲ. ಅವನಿಗೆ ಅವಳು ಕಾವಲಯ್ಯ ಎಂದು ಹೆಸರಿಟ್ಟಿದ್ದಳು. ಮಿಕ್ಕ ಇಬ್ಬರು ಮುಖ ಆ ಕಡೆ ಮಾಡಿ ಕೂತಿದ್ದಾರೆ, ಇವನೊಬ್ಬ ನಮ್ಮ ಹುಳದ ತಟ್ಟೆಗಳ ಕಡೆ ನೋಡುತ್ತಾ ನಿಂತಿದ್ದಾನೆ, ಮನೆ ಕಾಯುತ್ತಿದ್ದಾನೆ ಎಂಬುದು ಅವಳ ಲೆಕ್ಕ. ಹೊಸ ಹುಳ ಮನೆಗೆ ಬಂದ ದಿನ ಗಾಜಿನ ಮೇಲೆ ಸರಿಯಾಗಿ ಅವನ ಹಣೆಗೆ ಬರುವಂತೆ ಕುಂಕುಮ ಇಡುತ್ತಿದ್ದಳು. ಮೊದಲನೇ ತಟ್ಟೆ ಅವನ ಕೆಳಗೇ ಇಡಬೇಕು. ಬೆಳೆ ಚೆನ್ನಾಗಿ ಬಂದರೆ ಅವನ ದಯ.

ಆಗಿನ ದಿನಗಳಲ್ಲಿ ಚಾಕಿ ಕಟ್ಟುವುದೆಂದರೆ ದೊಡ್ಡ ಕೆಲಸ. ಮೊಟ್ಟೆಯೊಡೆದ ಹುಳ ಎಳ್ಳಿಗಿಂತ ಸಣ್ಣ, ಕಪ್ಪು ನೂಲಿನ ಚೂರಿನ ಹಾಗೆ. ಅವನ್ನು ಕೋಳಿಗರಿಯಲ್ಲಿ ನವಿರಾಗಿ ತಟ್ಟೆಗೆ ಇಳಿಸಿ, ಎಳೆ ಸೊಪ್ಪನ್ನು ನುಣ್ಣಗೆ ಕೊಚ್ಚಿ ಹಾಕಬೇಕು. ಅದಕ್ಕೆ ಕೈಗುಣ ಇರಬೇಕು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೈ ಜಯಳದ್ದು. ಅಷ್ಟು ಚಿಕ್ಕ ಹುಡುಗಿ ಗರಿ ಹಿಡಿದು ಕೂತರೆ ಉಸಿರು ಸಹ ಒಂದು ಪಕ್ಕಕ್ಕೆ ತಿರುಗಿ ಬಿಡುತ್ತಿದ್ದಳು. ಅವಳನ್ನು ಅಮ್ಮಿ ಎಂದೇ ಕರೆಯುತ್ತಿದ್ದ ಅಪ್ಪ ಬೇರೆಯವರ ಮುಂದೆ ಹೇಳುತ್ತಿದ್ದ.

"ನಮ್ಮಮ್ಮಿ ಕೈಲಿ ಒಂದು ಹುಳ ನಲುಗಾಕಿಲ್ಲ ಕಣ್ರಪ್ಪ. ಇವ್ನಿಗೆ ಗರಿ ಕೊಟ್ರೆ ಪೊರಕೆ ಆಡ್ಸಿದಂಗೆ ಆಡುಸ್ತಾನೆ."

ಇವನು ಎಂದರೆ ನಾನು. ನನ್ನನ್ನು ಸೊಪ್ಪು ಹೊರಲು ಕಳಿಸುತ್ತಿದ್ದರು. ತಲೆಯ ಮೇಲಿನ ಒದ್ದೆ ಗೋಣಿಯಿಂದ ನೀರು ಕುತ್ತಿಗೆಗೆ ಇಳಿಯುತ್ತಿರುವಾಗ, ಒಳಗೆ ತಣ್ಣಗೆ ಕೂತು ಗರಿ ಆಡಿಸುವ ತಂಗಿಯನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಇದನ್ನು ಇಲ್ಲಿ ಬರೆಯದಿದ್ದರೆ ಮುಂದಿನದು ಅರ್ಧ ಸುಳ್ಳಾಗುತ್ತದೆ.

ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಮನೆ ತೊಳೆಯುವುದು ಒಂದು ದೊಡ್ಡ ಗಲಾಟೆ. ಹಳೆಯ ರೋಗ ಹೊಸ ಹುಳಕ್ಕೆ ಅಂಟಬಾರದೆಂದು ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ, ಸೂರಿನ ಗಳು ಸಹ ಬಿಡದೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆಯಬೇಕು. ಕಣ್ಣು ಉರಿದು ನೀರು ಸುರಿಯುತ್ತಿತ್ತು. ಆ ಸಲ ಅಪ್ಪ ನನಗೆ ಚಿತ್ರವನ್ನು ಇಳಿಸಿ ಜಗುಲಿಯಲ್ಲಿ ಇಡಲು ಹೇಳಿ ತಟ್ಟೆಗಳನ್ನು ಕೆರೆಗೆ ಹೊತ್ತುಕೊಂಡು ಹೋದ. ಬಿಸಿಲಿಗೆ ಹಿಡಿದು ನೋಡಿದೆ. ಚಳಿಗಾಲದಲ್ಲಿ ಹುಳಕ್ಕೆ ಶಾಖ ಕೊಡಲು ಇಡುತ್ತಿದ್ದ ಇದ್ದಿಲು ಒಲೆಯ ಮಸಿ ಗಾಜಿನ ಒಳಗೂ ಇಳಿದು, ಚಿತ್ರದ ಬಲಮೂಲೆ ಮಂಕಾಗಿತ್ತು. ನಾನೂ ಒಂದು ಒಳ್ಳೆ ಕೆಲಸ ಮಾಡಿ ತೋರಿಸಬೇಕು ಅನ್ನಿಸಿತು. ಕುಡುಗೋಲಿನ ತುದಿಯಿಂದ ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದು, ಗಾಜನ್ನು ಉಜ್ಜಿದೆ. ಆಮೇಲೆ ಬ್ಲೀಚಿಂಗ್ ನೀರಿನ ಬಕೆಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಚಿತ್ರವನ್ನೂ ಒರೆಸಿದೆ. ನಮ್ಮ ಮನೆಯ ಬೇರೆ ಪಟಗಳೆಲ್ಲ ಕ್ಯಾಲೆಂಡರಿನ ದೇವರುಗಳು. ಒದ್ದೆ ಬಟ್ಟೆ ತಾಗಿಸಿದರೆ ಲಕ್ಷ್ಮಿಯ ಮುಖ ಇನ್ನಷ್ಟು ಹೊಳೆಯುತ್ತಿತ್ತು. ನೀರಿನಲ್ಲಿ ಬರೆದದ್ದು ನೀರಿನಲ್ಲೇ ಹೋಗುತ್ತದೆ ಎಂದು ನನಗೆ ಹೇಳಿದವರಿಲ್ಲ.

ಮೂರು ಸಲ ಕೈಯಾಡಿಸಿದೆನೋ ಏನೋ. ಕಾವಲಯ್ಯ ಕಾಗದ ಬಿಟ್ಟು ಬಟ್ಟೆಗೆ ಬಂದಿದ್ದ. ಮುಖ, ಅಂಗಿ, ಕೋಲು ಎಲ್ಲ ಸೇರಿ ಒಂದು ಕಂದು ಕಲೆ. ಅವನ ಕಾಲ ಬುಡದಿಂದ ಮರಳಿನ ಮೇಲೆ ಚಾಚಿದ್ದ ನೆರಳಿಗೆ ಬಟ್ಟೆ ಮುಟ್ಟಿರಲಿಲ್ಲ, ಅದೊಂದು ಹಾಗೇ ಉಳಿದಿತ್ತು. ರಟ್ಟು ಮುಚ್ಚಿ ಮೊಳೆ ಒತ್ತಿ, ಚಿತ್ರವನ್ನು ಗೋಡೆಗೆ ಒರಗಿಸಿ, ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಎಸೆದು, ಸೊಪ್ಪಿನ ಗೋಣಿ ಎತ್ತಿಕೊಂಡು ತೋಟಕ್ಕೆ ಓಡಿದೆ. ಅವತ್ತು ಹುಳವೇ ಇಲ್ಲದ ಮನೆಗೆ ಸೊಪ್ಪು ಯಾಕೆ ಬೇಕು ಎಂದು ಯಾರಾದರೂ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಯಾರೂ ಕೇಳಲಿಲ್ಲ.

ಕೊಳೆಬಟ್ಟೆ ಹಿಂಡಿ ಒಣಹಾಕುವುದು ಜಯಳ ಕೆಲಸ. ನಾನು ವಾಪಸು ಬರುವ ಹೊತ್ತಿಗೆ ಅವಳು ಆ ಬಟ್ಟೆ ಕೈಲಿ ಹಿಡಿದು ಜಗುಲಿಯ ಕೆಳಗೆ ನಿಂತಿದ್ದಳು. ಅಪ್ಪನ ಕೈಲಿ ಚಿತ್ರ.

"ಏನಮ್ಮಿ ಇದು? ಏನ್ ಮಾಡ್ದೆ?"

"ನಾನಲ್ಲ ಅಪ್ಪಯ್ಯ."

"ಮತ್ತೆ ಬಟ್ಟೇಲಿ ಬಣ್ಣ ಎಲ್ಲಿಂದ ಬಂತು? ನೀನೇನ್ಲಾ ಮಾಡಿದ್ದು?"

ಕೊನೆಯದು ನನ್ನ ಕಡೆ ತಿರುಗಿ ಕೇಳಿದ್ದು. ನಾನು ತಲೆಯ ಮೇಲಿನ ಗೋಣಿ ಇಳಿಸದೆಯೇ ಹೇಳಿದೆ.

"ನಾನು ಸೊಪ್ಪಿಗೆ ಹೋಗಿದ್ದೆ."

ಅಪ್ಪ ಹಿಪ್ಪುನೇರಳೆ ಕಡ್ಡಿ ಮುರಿದು ಅವಳ ಎರಡೂ ಅಂಗೈಗೆ ಹೊಡೆದ. ಅವಳು ಒಂದೆರಡು ಸಲ ನಾನಲ್ಲ ಅಂದಳು, ಆಮೇಲೆ ಗೊತ್ತಿಲ್ಲ ಅಂದಳು, ಆಮೇಲೆ ಏನೂ ಅನ್ನಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಊದಿದ ಕೈ ನಾಲ್ಕು ದಿನಕ್ಕೆ ಇಳಿಯುತ್ತಿತ್ತು. ಆದರೆ ಆ ಬೆಳೆಯಲ್ಲಿ ಹಾಲುತೊಂಡೆ ರೋಗ ಬಿತ್ತು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದನ್ನು, ದಾಟಿ, ಇನ್ನೇನು ಹಣ್ಣಾಗಬೇಕಿದ್ದ ಹುಳುಗಳು ಮೈ ಊದಿಕೊಂಡು, ತಟ್ಟೆಯ ಅಂಚಿಗೆ ಹರಿದು, ಒಡೆದು ಬಿಳಿ ನೀರಾಗಿ ಸತ್ತವು. ಮಂಕರಿಗಟ್ಟಲೆ ಹೊತ್ತು ತಿಪ್ಪೆಯ ಪಕ್ಕ ಗುಂಡಿ ತೋಡಿ ಸುರಿದೆವು. ಆ ನಾತ ಇವತ್ತಿಗೂ ಮೂಗಿನಲ್ಲಿದೆ. ಆ ಸಲ ನಮ್ಮ ಬೀದಿಯಲ್ಲಿ ಇನ್ನೂ ಎರಡು ಮನೆಯಲ್ಲಿ ಹಾಗೇ ಆಯಿತು, ಆದರೆ ಆ ಮನೆಗಳಲ್ಲಿ ಕಾವಲಯ್ಯ ಇರಲಿಲ್ಲ, ಅವರು ರೋಗ ಎಂದು ಸುಮ್ಮನಾದರು. ನಮ್ಮ ಅಜ್ಜಿ ಚಿತ್ರದ ಬರಿದಾದ ಜಾಗವನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಹೇಳಿದಳು.

"ಕಾಯೋನ್ನೇ ತೊಳೆದು ಕಳಿಸ್ಬುಟ್ಲು. ಇನ್ ಮ್ಯಾಲೆ ಈ ಅಮ್ಮಿ ಹುಳ ಮುಟ್ಟೋದು ಬ್ಯಾಡ."

ಅಷ್ಟೇ. ಮುಂದಿನ ಬೆಳೆಗೆ ಜಯ ಹೊಸಿಲಿನ ಈಚೆ. ಹುಳ ಮನೆಯಲ್ಲಿದ್ದಾಗಲೆಲ್ಲ ಅವಳ ಊಟ, ನಿದ್ದೆ ಅಡಿಗೆಕೋಣೆಯಲ್ಲಿ. ಗರಿ ನನ್ನ ಕೈಗೆ ಬಂತು. ನಾನು ಪೊರಕೆಯಂತೆ ಆಡಿಸಿದರೂ ಆ ಬೆಳೆ ಚೆನ್ನಾಗಿ ಬಂತು, ಇವನ ಕೈಯೇ ವಾಸಿ ಎಂದರು. ಅಡಿಗೆಕೋಣೆಯ ಬಾಗಿಲಲ್ಲಿ ನಿಂತು ಅವಳು ಮೆಲ್ಲಗೆ ಹೇಳಿಕೊಡುತ್ತಿದ್ದಳು.

"ಅಣ್ಣಾ, ಸೊಪ್ಪು ಇನ್ನೂ ಒಸಿ ಸಣ್ಣಗೆ ಕೊಚ್ಚು. ಅಂಚಿನವು ಹಸ್ಕೊಂಡವೆ ನೋಡು."

ಅವಳು ಹೇಳಿದ ಹಾಗೆ ಮಾಡುತ್ತಿದ್ದೆ. ಹೊಗಳಿಸಿಕೊಳ್ಳುತ್ತಿದ್ದೆ. ಅಜ್ಜಿ ಕುಂಕುಮ ಇಡುವುದನ್ನು ನಿಲ್ಲಿಸಿದಳು, ಆದರೆ ಚಿತ್ರವನ್ನು ಇಳಿಸಲಿಲ್ಲ. ಹೋದವನು ಯಾವತ್ತಾದರೂ ತಿರುಗಿ ಬಂದಾನು ಅಂದುಕೊಂಡಿದ್ದಳೋ ಏನೋ. ಆ ಖಾಲಿ ಜಾಗದ ಕೆಳಗೆ ಕೂತು ನಾನು ಹತ್ತು ವರ್ಷ ಚಾಕಿ ಕಟ್ಟಿದೆ.

ಜಯಳನ್ನು ಕನಕಪುರದ ಆಚೆ ಕೋಡಿಹಳ್ಳಿ ಕಡೆ ಕೊಟ್ಟೆವು. ಅವರದೂ ಹುಳ ಸಾಕುವ ಮನೆ. ಮಾತುಕತೆಯ ದಿನ ಅವಳ ಅತ್ತೆಯಾಗುವವರು ಎಲೆಗೆ ಸುಣ್ಣ ಹಚ್ಚುತ್ತಾ ಸುಮ್ಮನೆ ಕೇಳಿದ್ದರು.

"ಹುಳದ ಕೆಲಸ ಬತ್ತದಾ ನಿಮ್ ಹುಡ್ಗಿಗೆ?"

ಅಜ್ಜಿಗೆ ಸುಳ್ಳು ಹೇಳಿ ಗೊತ್ತಿಲ್ಲ. ಮನೆಕೆಲಸ ಎಲ್ಲ ಬತ್ತದೆ, ಹುಳದ ಹತ್ರ ಮಾತ್ರ ಬುಡಬ್ಯಾಡಿ, ಕೈಗುಣ ಆಗಿಬರಾಕಿಲ್ಲ ಅಂದಳು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅವರು ಒಳ್ಳೆಯವರು, ಹೆಣ್ಣನ್ನು ಬೇಡವೆನ್ನಲಿಲ್ಲ. ಆದರೆ ಆ ಮನೆಯಲ್ಲೂ ಅವಳು ಮೂವತ್ತು ವರ್ಷ ಹೊಸಿಲಿನ ಈಚೆಯೇ ಉಳಿದಳು. ಒಂದು ಸಲ ನಾನು ಹೋಗಿದ್ದಾಗ ಓರಗಿತ್ತಿಯರು ಒಳಗೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು, ಇವಳು ಹಿತ್ತಲಲ್ಲಿ ಹತ್ತು ಜನಕ್ಕೆ ಮುದ್ದೆ ತಿರುವುತ್ತಿದ್ದಳು. ಅಣ್ಣ ಬಂದ ಎಂದು ಮುಖ ಅರಳಿಸಿದಳು. ಹೇಳಬೇಕೆಂದೇ ಹೋಗಿದ್ದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಈಗ ಹುಳ ಮನೆಯೊಳಗೆ ಇಲ್ಲ. ನನ್ನ ಮಗ ತೋಟದಲ್ಲಿ ಶೆಡ್ಡು ಹಾಕಿ ಸಾಕುತ್ತಾನೆ, ಚಾಕಿ ಕಟ್ಟಿದ ಹುಳವನ್ನೇ ಕೊಂಡು ತರುತ್ತಾನೆ. ಕೈಗುಣದ ಮಾತು ಅವನಿಗೆ ನಗು. ನಡುಮನೆಯಲ್ಲಿ ಟಿವಿ, ನನ್ನ ಮಂಚ, ಅದೇ ಗೋಡೆಯ ಮೇಲೆ ಅದೇ ಚಿತ್ರ. ಹೋದ ತಿಂಗಳು ಜಯ ನಮ್ಮಲ್ಲಿಗೆ ಬಂದಿದ್ದಳು, ಜೊತೆಗೆ ಅವಳ ಮೊಮ್ಮಗಳು ಸಹನಾ. ಮೈಸೂರಿನಲ್ಲಿ ಚಿತ್ರಕಲೆ ಓದುವ ಹುಡುಗಿ. ಬಂದವಳೇ ಗೋಡೆಯ ಮುಂದೆ ನಿಂತಳು. ಊಟಕ್ಕೆ ಕರೆದರೂ ಬರಲಿಲ್ಲ. ಚಿತ್ರ ಇಳಿಸಿ, ಬಾಗಿಲ ಬೆಳಕಿಗೆ ತಂದು, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದಳು.

"ತಾತ, ಇದು ನೂರಿಪ್ಪತ್ತು ವರ್ಷಕ್ಕಿಂತ ಹಳೇದು. ಇಸವಿ ಇದೆ ನೋಡಿ, ಒಂದು, ಎಂಟು, ಮಿಕ್ಕಿದ್ದು ಅಳಿಸಿದೆ. ಒಂಟೆ ಮೇಲೆ ಬೆಳ್ಳಗಿದೆಯಲ್ಲ ಬಿಸಿಲು, ಅದು ಬಣ್ಣ ಅಲ್ಲ. ಪೇಪರ್ನೇ ಹಾಗೇ ಬಿಟ್ಟಿದ್ದಾರೆ."

"ಬೆಳಿಗ್ಗೇನೋ ಸಂಜೇನೋ ಕಣವ್ವ ಅದು? ನಮ್ಮಜ್ಜಿ ಬೆಳಿಗ್ಗೆ ಅಂತಿದ್ಲು," ಅಂದಳು ಜಯ, ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಾ.

"ಸಂಜೆ ಅಜ್ಜಿ. ಒಂಟೆ ಹೊರೆ ಇಳಿಸಿದ್ದಾರೆ. ಇನ್ನು ಹೊರಡಲ್ಲ. ನೆರಳು ಎಷ್ಟು ಉದ್ದ ಇದೆ ನೋಡು. ಆದ್ರೆ ಇಲ್ಲೊಂದು ಅದ್ಭುತ ಇದೆ. ಬಲಗಡೆ ನೆರಳಿದೆ, ಆ ನೆರಳಿನ ಮನುಷ್ಯ ಇಲ್ಲ! ನಂಗೆ ಏನನ್ಸುತ್ತೆ ಗೊತ್ತಾ? ಅದು ಬರೆದವನದೇ ನೆರಳು. ಅಲ್ಲಿ ನಿಂತು ನೋಡಿದೋನು ತನ್ನನ್ನ ಬಿಟ್ಟು ತನ್ನ ನೆರಳನ್ನ ಮಾತ್ರ ಬರೆದಿದ್ದಾನೆ. ಆ ಮರಳಲ್ಲಿ ತಾನು ಏನೂ ಅಲ್ಲ ಅಂತ. ಇದರ ಮೇಲೇ ನಾನು ಕಾಲೇಜಿಗೆ ಬರೀತೀನಿ."

ಅವಳು ಹೇಳಿದ ರೀತಿ ಎಷ್ಟು ಚೆನ್ನಾಗಿತ್ತೆಂದರೆ ಒಂದು ಗಳಿಗೆ ನಾನೂ ನಂಬಿದೆ. ಹಾಗೇ ಆಗಿಹೋಗಲಿ, ಯಾವನೋ ದೊರೆ ಬೇಕೆಂದೇ ಬಿಟ್ಟ ಜಾಗ ಎಂದು ಪುಸ್ತಕದಲ್ಲಿ ಸೇರಿಹೋಗಲಿ ಅನ್ನಿಸಿತು. ಅಷ್ಟರಲ್ಲಿ ಜಯ ನಕ್ಕಳು.

"ಅಯ್ಯೋ ಮಗ, ಹಂಗೆಲ್ಲ ಬರೆದು ಬೈಸ್ಕಂಡೀಯ. ಅಲ್ಲೊಬ್ಬ ನಿಂತಿದ್ದ ಕಣೆ, ಕೋಲು ಹಿಡ್ಕಂಡು. ನಾನೇ ಒರೆಸ್ಬುಟ್ಟೆ."

"ನೀನಾ ಅಜ್ಜಿ?"

"ಹೂಂ. ಸಣ್ಣೋಳಿದ್ದೆ. ಬ್ಲೀಚಿಂಗ್ ನೀರಲ್ಲಿ ಒರೆಸ್ದೆ. ಈಗಲೂ ಕಣ್ಣಿಗೆ ಕಟ್ದಂಗೈತೆ. ಒದ್ದೆ ಬಟ್ಟೆ, ಕಂದು ಬಣ್ಣ ಕೈಗೆಲ್ಲ ಇಳೀತಾ ಇತ್ತು. ಅಪ್ಪಯ್ಯ ಬಂದು ಬಾರಿಸ್ತು. ನನ್ ಕೈಯೇ ಸರಿ ಇರ್ಲಿಲ್ಲ ಬುಡು."

ಮುನಿಸಿಲ್ಲ, ಅಳುವಿಲ್ಲ. ನಿನ್ನೆಯ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅನ್ನುವ ಹಾಗೆ ಹೇಳಿ ಮತ್ತೊಂದು ಕಾಯಿ ಸುಲಿದಳು. ಇಷ್ಟು ವರ್ಷ ನಾನು ಅಂದುಕೊಂಡಿದ್ದೆ, ಅವಳಿಗೆ ತಾನಲ್ಲ ಎಂಬುದಾದರೂ ಗೊತ್ತಿದೆ, ಒಳಗೊಳಗೇ ನಮ್ಮನ್ನೆಲ್ಲ ಬೈದುಕೊಂಡು ಹಗುರಾಗುತ್ತಾಳೆ ಎಂದು. ಅದೂ ಇರಲಿಲ್ಲ. ಎಲ್ಲರೂ ಹೇಳಿ ಹೇಳಿ, ಅವಳ ನೆನಪನ್ನೇ ತಿದ್ದಿಬಿಟ್ಟಿದ್ದೆವು. ಎದ್ದು ಹೋಗೋಣವೆಂದು ಮಂಚದ ಅಂಚು ಹಿಡಿದೆ. ಮಂಡಿ ಏಳಲಿಲ್ಲ. ಕೂತಲ್ಲಿಂದಲೇ ಹೇಳಿದೆ.

"ಜಯ, ಒರೆಸಿದ್ದು ನೀನಲ್ಲ. ನಾನು."

"ಬುಡಣ್ಣ. ಮಗೀನ ಮುಂದೆ ನನ್ ಮರ್ಯಾದೆ ಉಳಿಸೋಕೆ ಹೇಳ್ತಿದ್ದೀಯ."

"ಅಲ್ಲ ಕಣವ್ವ. ನಿನ್ ಕೈಲಿ ಬಟ್ಟೆ ಇತ್ತು, ನಿಜ. ಹಿಂಡೋಕೆ ಅಂತ ಎತ್ಕಂಡಿದ್ದೆ. ಗಾಜು ತೆಗೀದೆ ಒಳಗಿನ ಬಣ್ಣ ಹೆಂಗೆ ಹೋಯ್ತದೆ? ಕುಡುಗೋಲಲ್ಲಿ ಮೊಳೆ ಕಿತ್ತೋನು ನಾನು. ಒರೆಸಿ, ಹಂಗೇ ಮುಚ್ಚಿಟ್ಟು ತ್ವಾಟಕ್ಕೆ ಓಡಿದೆ."

ಅವರೆಕಾಯಿ ಸುಲಿಯುವುದು ನಿಂತಿತು. ಸಹನಾ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ, ಚಿತ್ರವನ್ನು ಮೆತ್ತಗೆ ಕೆಳಗಿಟ್ಟಳು. ಜಯ ಕೈಲಿದ್ದ ಕಾಯಿಯನ್ನು ಸುಲಿಯದೆ ಮತ್ತೆ ರಾಶಿಗೆ ಹಾಕಿದಳು.

"ಅಪ್ಪಯ್ಯ ನಿನ್ನೂ ಕೇಳ್ತಲ್ಲಣ್ಣ. ನೀನು ಅಲ್ಲೇ ನಿಂತಿದ್ದೆ."

"ನಿಂತಿದ್ದೆ. ಸೊಪ್ಪಿಗೆ ಹೋಗಿದ್ದೆ ಅಂದೆ."

"ಆ ಹುಳ ಎಲ್ಲ ಸತ್ತಿದ್ದು?"

"ಅದು ರೋಗ. ಬೀದೀಲಿ ಇನ್ನೆರಡು ಮನೇಲೂ ಸತ್ತವು. ನಿನ್ ಕೈಗೂ ಅದಕ್ಕೂ ಏನೂ ಇಲ್ಲ."

"ನಂಗೆ ಹುಳ ಅಂದ್ರೆ ಎಷ್ಟು ಆಸೆ ಇತ್ತು ಗೊತ್ತಾ ನಿಂಗೆ?" ಅಂದಳು. ದನಿ ಏರಲಿಲ್ಲ. "ಅತ್ತೆ ಮನೇಲಿ ಯಾರೂ ಇಲ್ದಾಗ ಬಾಗ್ಲು ಸಂದೀಲಿ ನಿಂತು ನೋಡ್ತಿದ್ದೆ. ಒಳಗೆ ಕಾಲಿಟ್ರೆ ಅವು ಸತ್ತೋಯ್ತವೆ ಅಂತ ಇಡ್ತಿರ್ಲಿಲ್ಲ. ನಾನೇ ಇಡ್ತಿರ್ಲಿಲ್ಲ ಅಣ್ಣ."

ಈ ದಿನಕ್ಕೆಂದು ನಾನು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದೆ. ಅಪ್ಪನ ಭಯ, ಅಜ್ಜಿಯ ನಂಬಿಕೆ, ಚಿಕ್ಕ ವಯಸ್ಸು. ಒಂದೂ ಆಡುವಂತಿರಲಿಲ್ಲ. ಮೊಮ್ಮಗಳ ಎದುರಿಗೇ ಹೇಳಿದೆ.

"ಒರೆಸಿದ್ದು ಗೊತ್ತಿಲ್ದೆ ಮಾಡಿದ್ದು ಜಯ. ಸುಮ್ನಿದ್ದಿದ್ದು ಗೊತ್ತಿದ್ದೇ ಮಾಡಿದ್ದು. ಗರಿ ನನ್ ಕೈಗೆ ಬರ್ಲಿ ಅಂತ್ಲೂ ಇತ್ತು ಒಳಗೆ. ತಪ್ಪಾಯ್ತು ಕಣವ್ವ. ನಿನ್ಗೆ ಭಾರಿ ತಪ್ಪು ಮಾಡ್ಬುಟ್ಟೆ."